ಬೆಂಗಳೂರಿಗೆ ನಾನು ಕೊಟ್ಟ ಎರಡನೇ ಅವಕಾಶ

ಬೆಂಗಳೂರನ್ನು ನಾನು ಒಂಬತ್ತು ವರ್ಷಗಳ ಹಿಂದೆಯೇ ಬಹಿಷ್ಕರಿಸಿದ್ದೆ. ಅಂದು ಅಲ್ಲಿ ಒಬ್ಬರ ಹತ್ತಿರ ದಾರಿ ಕೇಳಿದರೆ, ಅವರು ಮೊಬೈಲಿನಿಂದ ತಲೆಯೆತ್ತದೆ ಎಡಗೈ ಬೀಸಿ ಹೋಗಿಬಿಟ್ಟರು. ನಮ್ಮ ಮಡಂತ್ಯಾರಿನಲ್ಲಿ ದಾರಿ ಕೇಳಿದವನು ಮೊದಲು ತನ್ನ ಅಜ್ಜನ ಹೆಸರು ಹೇಳಬೇಕು, ನಂತರ ಚಹಾ, ಆಮೇಲೆ ದಾರಿ!

ನನ್ನ ಬಹಿಷ್ಕಾರದಿಂದ ಬೆಂಗಳೂರಿಗೆ ನಷ್ಟವೇನೂ ಆದಂತಿಲ್ಲ. ನಷ್ಟವಾದದ್ದು ಹೆಂಡತಿ ಝೊಹರಾಳಿಗೆ. ಅವಳ ಒಬ್ಬಳೇ ತಂಗಿ ನಸೀಮಾಳ ಮನೆ ಇರುವುದು ಅಲ್ಲೇ.

"ಈ ಶನಿವಾರ, ಆದಿತ್ಯವಾರ ಹೋಗಿ ನೋಡುವ," ಎಂದಳು ಝೊಹರಾ. "ನಿಮಗೆ ಹಿಡಿಸದಿದ್ರೆ ಇನ್ನು ನಾನು ಬೆಂಗಳೂರಿನ ಸುದ್ದಿಯೇ ಎತ್ತುವುದಿಲ್ಲ."

ನಾನು ಉದಾರಿ. ನನ್ನ ಚಪ್ಪಲಿ ಅಂಗಡಿಯನ್ನು ಪಕ್ಕದ ಟೈಲರ್ ಸದಾನಂದನಿಗೆ ಒಪ್ಪಿಸಿ, ಐದು ಕಿಲೋ ಕುಚ್ಚಲಕ್ಕಿಯನ್ನು ಹೆಗಲಿಗೇರಿಸಿ ಹೊರಟೇಬಿಟ್ಟೆ.

ಬೆಂಗಳೂರಿನಲ್ಲಿ ಬಸ್ಸಿಳಿದು, ನಸೀಮಾ ಹೇಳಿದಂತೆ ಮೆಟ್ರೊ ಸ್ಟೇಷನ್ ಸೇರಿದೆವು. ನನ್ನ ಫೋನು ಝೊಹರಾಳ ಬ್ಯಾಗಿನಲ್ಲಿತ್ತು. ರೈಲು ಬಂತು.

"ನೀನು ಮುಂದಿನ ಬಾಗಿಲಲ್ಲಿ ಹತ್ತು. ನಾನು ಹಿಂದಿನಿಂದ ಬರ್ತೇನೆ," ಎಂದೆ.

ನಮ್ಮ ಬಸ್ಸುಗಳಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ. ಮೂವತ್ತು ವರ್ಷಗಳ ಶಿಸ್ತು! ಅದೇ ಶಿಸ್ತಿನಿಂದ ಕೊನೆಯ ಬಾಗಿಲಿನತ್ತ ನಡೆದೆ. ಆದರೆ ಮೆಟ್ರೊದಲ್ಲಿ 'ಹಿಂದೆ' ಎಂಬುದು ಬಹಳ ದೂರ ಇರುತ್ತದೆ. ನಾನು ತಲುಪುವ ಮೊದಲೇ ಬಾಗಿಲು ಮುಚ್ಚಿತು.

"ಹೋಲ್ಡಾನ್! ಹೋಲ್ಡಾನ್!" ಎಂದು ಕೂಗಿ ರೈಲಿನ ಬದಿಗೆ ಅಂಗೈಯಿಂದ ಬಡಿದೆ.

ಅಲ್ಲಿದ್ದ ಗಾರ್ಡ್ ಮೇಡಂ ಒಮ್ಮೆ ವಿಸಿಲ್ ಊದಿದರು. ನನಗೆ ಸಮಾಧಾನವಾಯಿತು. ನಮ್ಮಲ್ಲಿ ಒಂದು ವಿಸಿಲ್ ಎಂದರೆ ಬಸ್ಸು ನಿಲ್ಲುತ್ತದೆ, ಎರಡು ಎಂದರೆ ಹೊರಡುತ್ತದೆ. ಹಾಗಾಗಿ ನಿರಾಳವಾಗಿ ಉಟ್ಟಿದ್ದ ಮುಂಡು ಸರಿಪಡಿಸಿಕೊಳ್ಳತೊಡಗಿದೆ.

ರೈಲು ಹೋಯಿತು! ಆ ವಿಸಿಲ್ ಊದಿದ್ದು ರೈಲಿಗಲ್ಲ, ನನಗೆ!

"ಸರ್, ಹಳದಿ ಗೆರೆಯಿಂದ ಹಿಂದೆ ಬನ್ನಿ. ಗಾಬರಿ ಆಗ್ಬೇಡಿ, ಅವ್ರು ವಾಪಸ್ ಬರ್ತಾರೆ," ಎಂದರು ಮೇಡಂ. "ನೀವು ಮಾತ್ರ ನಿಂತಲ್ಲೇ ನಿಂತ್ಕೊಳ್ಳಿ."

ಹೆಂಡತಿ ಕಳೆದುಹೋದಾಗ ನಿಂತಲ್ಲೇ ನಿಲ್ಲುವ ಗಂಡಸು ನಾನಲ್ಲ. ಮುಂದಿನ ರೈಲು ಹತ್ತಿದೆ. ಅರ್ಧ ದಾರಿಯಲ್ಲಿ, ಎದುರಿನಿಂದ ಬಂದ ರೈಲಿನ ಕಿಟಕಿಯಲ್ಲಿ ಝೊಹರಾ ಕೈಬೀಸುತ್ತಾ ದಾಟಿಹೋದಳು! ನಾನು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಹಿಂದಕ್ಕೆ ಬಂದೆ. ನನ್ನನ್ನು ಹುಡುಕುತ್ತಾ ಅವಳು ಮತ್ತೆ ಮುಂದಕ್ಕೆ ಹೊರಟಿದ್ದಳು. ಪುನಃ ದಾಟಿಹೋದೆವು. ಈ ಸಲ ಅವಳು ಕೈಬೀಸಲಿಲ್ಲ.

ರೈಲಿಳಿದು, ಅಕ್ಕಿ ಚೀಲ ತಬ್ಬಿಕೊಂಡು ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕುಸಿದೆ. ಪಕ್ಕದಲ್ಲಿದ್ದ ಯುವತಿ ಕಿವಿಯ ಇಯರ್‌ಫೋನ್ ತೆಗೆದು ಕೇಳಿದಳು: "ಏನಾಯ್ತು ಅಂಕಲ್?"

ಎಲ್ಲ ಹೇಳಿದೆ. ನನ್ನ ನಂಬರ್ ಕೇಳಿದಳು. ನನಗೆ ನಾನೇ ಫೋನ್ ಮಾಡುವುದುಂಟೇ? ಬಾಯಿಪಾಠ ಇರಲಿಲ್ಲ. ಝೊಹರಾಳ ನಂಬರೂ ಅಷ್ಟೆ. ಕೊನೆಗೆ ಆ ಯುವತಿ ನನ್ನ ಅಂಗಡಿಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿ, ಅಲ್ಲಿಗೇ ಫೋನ್ ಹಚ್ಚಿದಳು. ವಿಷಯ ಕೇಳಿದ್ದೇ ತಡ, ಸ್ಪೀಕರಿನಲ್ಲಿ ಸದಾನಂದ ಗುಡುಗಿದ:

"ಹಮೀದಾಕ, ಹೆಂಡ್ತಿಯನ್ನು ಎಲ್ಲಿ ಬಿಟ್ರಿ ಮಾರಾಯ್ರೇ? ನಿಮ್ಮ ನಂಬರ್ ನನ್ನ ಹತ್ರ ಉಂಟು, ಕೊಡ್ತೇನೆ. ಮೊದಲು ಸ್ವಲ್ಪ ನಗ್ತೇನೆ!"

ತಲೆಯೆತ್ತದ ಊರು ಎಂದು ಒಂಬತ್ತು ವರ್ಷ ದೂರಿದ್ದೆ. ಈಗ ಇಡೀ ಪ್ಲಾಟ್‌ಫಾರ್ಮ್ ತಲೆಯೆತ್ತಿ ನನ್ನನ್ನೇ ನೋಡುತ್ತಿತ್ತು. ಒಬ್ಬರು ನೀರು ಕೊಟ್ಟರು. ಇನ್ನೊಬ್ಬರು ಅಕ್ಕಿ ಚೀಲ ಹಿಡಿದುಕೊಂಡರು. ಆ ಯುವತಿಯಂತೂ ತನ್ನ ಮೂರು ರೈಲು ಬಿಟ್ಟು, ಝೊಹರಾ ಬರುವವರೆಗೆ ನನಗೆ ಕಾವಲು ಕೂತಳು. ನಿಜ ಹೇಳುತ್ತೇನೆ, ಬಹಳ ಸಂತೋಷವಾಯಿತು.

ನಸೀಮಾಳ ಮನೆಯಲ್ಲಿ ಅಕ್ಕತಂಗಿ ಎರಡು ದಿನ ಹೊಟ್ಟೆ ಹಿಡಿದುಕೊಂಡು ನಕ್ಕರು. ವಿಷಯ ನಾನೇ. ಝೊಹರಾ ಅಷ್ಟು ನಕ್ಕದ್ದನ್ನು ನೋಡಿ ಎಷ್ಟು ವರ್ಷವಾಗಿತ್ತೋ!

ಊರಿಗೆ ಬಂದ ಮೇಲೆ ಅವಳು ಕೇಳಿದಳು: "ಬೆಂಗಳೂರು ಹಿಡಿಸಿತಾ?"

"ಹಿಡಿಸಿತು. ಒಳ್ಳೆಯ ಜನ."

"ಹಾಗಾದ್ರೆ ಬರುವ ತಿಂಗಳು ಪುನಃ ಹೋಗುವುದು."

"ಹೋಗುವ!" ಎಂದು ಉತ್ಸಾಹದಿಂದ ಎದ್ದೆ.

"ನೀವಲ್ಲ. ನಾನು," ಎಂದಳು.

ಹೇಳಿದಂತೆ ಮುಂದಿನ ತಿಂಗಳು ಬಸ್ಸಿನ ಮುಂದಿನ ಬಾಗಿಲಲ್ಲಿ ಹತ್ತಿದಳು. ನಾನು ಅಭ್ಯಾಸಬಲದಿಂದ ಹಿಂದಿನ ಬಾಗಿಲಿಗೆ ಕಾಲಿಟ್ಟೆ. ಕಿಟಕಿಯಿಂದ ಆಜ್ಞೆ ಬಂತು: "ನೀವು ನಿಂತಲ್ಲೇ ನಿಲ್ಲಿ!"

ಕಂಡಕ್ಟರ್ ಎರಡು ವಿಸಿಲ್ ಊದಿದ. ನಾನು ನಿಂತೇ ಇದ್ದೆ.