ಮಗಳ ಗೇರ್ ಸೈಕಲ್ಲು

ಟೈಲರ್ ಮಾಸ್ಟರ ಹೆಂಡತಿಯ ಕಾಲಿನ ಕಿರುಬೆರಳು ಸೈಕಲ್ಲಿನ ಪೆಡಲಿಗೆ ಬಡಿದದ್ದೇ ಎಲ್ಲಕ್ಕೂ ಮೂಲ. ಗುಡ್ಡ ಹತ್ತಲೆಂದು ಮಗಳಿಗೆ ಕೊಡಿಸಿದ್ದ ಗೇರ್ ಸೈಕಲ್ಲು, ಅವಳು ಹಾಸ್ಟೆಲ್ ಸೇರಿದ ಮೇಲೆ ಪಡಸಾಲೆಯಲ್ಲಿ ಟವೆಲ್ ಒಣಗಿಸುವ ಕೆಲಸಕ್ಕೆ ಸೇರಿತ್ತು.

"ಅಯ್ಯಯ್ಯೋ, ನನ್ನ ಬೆರಳು! ಹೊಸದು ಸಿಗ್ತಿಲ್ಲ ಅಂತ ಜನ ಹಳೇ ಗೇರ್ ಸೈಕಲ್ಲಿಗೆ ಮುಗಿಬೀಳ್ತಿದಾರೆ. ನೀವು ಮಾತ್ರ ಇದಕ್ಕೆ ಟವೆಲ್ ಹೊದಿಸಿ ಮಲಗಿಸಿದ್ದೀರ!"

ಮಾಸ್ಟರಿಗೆ ಮನಸ್ಸಿರಲಿಲ್ಲ. ಆದರೆ ಬೆರಳು ಬದನೆಕಾಯಿಯಷ್ಟು ಊದಿತ್ತು. ಪಕ್ಕದ ಬೀದಿಯ ಹಲ್ಲಿನ ಡಾಕ್ಟರು ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟು, ಓಡಿಸಲು ಬಾರದ್ದರಿಂದ ತಳ್ಳಿಕೊಂಡು ಹೋದರು.

ಸ್ವಲ್ಪ ಹೊತ್ತಿಗೇ ಮಗಳ ಫೋನು. "ಅಪ್ಪಾ, ಸಂಜೆ ಬರ್ತಿದೀನಿ. ನನ್ನ ಸೈಕಲ್ ಒರೆಸಿ, ಗಾಳಿ ಹೊಡೆಸಿ ಇಟ್ಟಿರು, ಆಯ್ತಾ?"

ಮಾಸ್ಟರು ಖಾಲಿ ಪಡಸಾಲೆಯತ್ತ ನೋಡಿದರು. ಗುಡ್ಡಕ್ಕೇ! ಮತ್ತಿನ್ನೆಲ್ಲಿಗೆ? ಮೊದಲೆಲ್ಲ ಇಬ್ಬರೂ ಜೊತೆಗೇ ಹೋಗುತ್ತಿದ್ದರು. ಅವಳು ಮುಂದೆ, ತಮ್ಮ ಹಳೇ ಸೈಕಲ್ಲಿನಲ್ಲಿ ಏದುಸಿರು ಬಿಡುತ್ತ ಇವರು ಹಿಂದೆ. ಅವಳು ಕಲಿಯುವಾಗ ಸೀಟು ಹಿಡಿದು ಓಡಿದ್ದೂ ಇವರೇ. "ಅಪ್ಪಾ, ಹಿಡ್ಕೊಂಡಿದ್ದೀಯಾ?" ಎಂದು ಕೂಗುತ್ತಿದ್ದಳು. ಕೈ ಬಿಟ್ಟಾದ ಮೇಲೂ ಇವರು "ಹೂಂ" ಎನ್ನುತ್ತಿದ್ದರು. ಅಂಥ ಸೈಕಲ್ಲನ್ನು ಕೈಯಾರೆ ಮಾರಿಬಿಟ್ಟೆನಲ್ಲ ಎಂದು ಕಣ್ಣು ತುಂಬಿ ಬಂತು.

ಕ್ಲಿನಿಕ್ಕಿಗೆ ಧಾವಿಸಿದರು.

"ಅದನ್ನಾ? ಆಗಲೇ ಮಾರಿಬಿಟ್ಟೆ ಮಾಸ್ಟ್ರೇ!" ರೋಗಿಯ ಬಾಯಿ ತೆರೆಸಿಟ್ಟೇ ಡಾಕ್ಟರು ನಕ್ಕರು. "ಜಿಮ್ಮಿನವನು ಲಾಭ ಕೊಟ್ಟ. ನನಗೆ ಫೋನಲ್ಲಿ ಇನ್ನೊಂದು ಕುದುರಿದೆ, ನಿಮ್ಮದರ ಅರ್ಧ ರೇಟು. ಸಂಜೆ ಕೊಡ್ತಾರಂತೆ. ವ್ಯಾಪಾರ ಅಂದ್ರೆ ಹೀಗಿರಬೇಕು!"

ರೋಗಿಯೂ "ಆಂ, ಆಂ" ಎಂದು ಒಪ್ಪಿದ.

ಜಿಮ್ಮಿನವನು ಇನ್ನೂ ಗಟ್ಟಿ ಆಸಾಮಿ. "ಬರೀ ದುಡ್ಡಿಗೆ ಕೊಡಲ್ಲ ಸಾರ್. ದುಡ್ಡಿದ್ರೂ ಸೈಕಲ್ ಎಲ್ಲಿ ಸಿಗುತ್ತೆ ಈಗ? ಬೆಳಿಗ್ಗೆ ಡಾಕ್ಟರಿಂದ ನಿಮಗೆ ಬಂದ ದುಡ್ಡೂ ಕೊಡಿ, ನೀವು ತುಳ್ಕೊಂಡು ಬಂದ ಸೈಕಲ್ಲೂ ಕೊಡಿ."

ಬಟ್ಟೆಯ ಗಂಟು ಹೊತ್ತು ವರ್ಷಗಟ್ಟಲೆ ಅಂಗಡಿಗೂ ಮನೆಗೂ ಓಡಾಡಿದ್ದ ಸೈಕಲ್ಲು. ಮಾಸ್ಟರು ಅದರ ಕ್ಯಾರಿಯರನ್ನೊಮ್ಮೆ ಸವರಿ, ಬೀಗದ ಕೈ ಕೊಟ್ಟುಬಿಟ್ಟರು. ಮಗಳಿಗಿಂತ ಹೆಚ್ಚೇ? ಗುಡ್ಡಕ್ಕೆ ಅವಳ ಹಿಂದೆ ನಡೆದುಕೊಂಡೇ ಹೋದರಾಯಿತು.

ಸಂಜೆ ಮಗಳು ಬಂದಳು. ಹಿಂದೆಯೇ ಹಲ್ಲಿನ ಡಾಕ್ಟರು.

"ಅಪ್ಪಾ, ಇವರೇ ಗಿರಾಕಿ. ಸೈಕಲ್ಲಿನ ಫೋಟೋ ಆನ್‌ಲೈನಲ್ಲಿ ಹಾಕಿದ್ದೆ. ಕಾಲು ಎಡವ್ತೀನಿ ಅಂತ ಅಮ್ಮ ದಿನಾ ಫೋನಲ್ಲಿ ಗೋಳಾಡ್ತಿದ್ಲು. ನಿನಗೆ ಹೇಳಿದ್ರೆ ಮಾರೋಕೆ ಬಿಡ್ತಿರಲಿಲ್ಲ."

"ಅರೆ! ಬೆಳಿಗ್ಗೆ ತಗೊಂಡಿದ್ದೂ ಇದೇ ಅಲ್ವಾ!" ಎಂದರು ಡಾಕ್ಟರು.

ಮಾಸ್ಟರು ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡರು. "ಮತ್ತೆ... ಗುಡ್ಡ?"

"ಯಾವ ಗುಡ್ಡ? ರಾತ್ರಿ ಬಸ್ಸಿಗೇ ವಾಪಸ್ ಹೋಗ್ಬೇಕಪ್ಪ."

ಕೊಟ್ಟ ಮಾತು ಕೊಟ್ಟ ಮಾತೇ. ಅರ್ಧ ರೇಟಿಗೆ ಸೈಕಲ್ಲು ಮತ್ತೆ ಬೀದಿಗಿಳಿಯಿತು. ಈ ಸಲ ಡಾಕ್ಟರಿಗೆ ಏರುವ ಹುರುಪು ಬಂತು. "ಮಾಸ್ಟ್ರೇ, ಸೀಟು ಸ್ವಲ್ಪ ಹಿಡ್ಕೊಳ್ಳಿ."

ಮಾಸ್ಟರು ಹಿಡಿದು ಹಿಂದೆ ಓಡಿದರು. ಬೀದಿಯ ಕೊನೆಯವರೆಗೂ ಓಡಿದರು.

"ಬ್ಯಾಲೆನ್ಸ್ ಬಂತು ಮಾಸ್ಟ್ರೇ! ಇನ್ನು ಬಿಡಿ!"

"ಬಿಟ್ಟೆ" ಎಂದರು ಮಾಸ್ಟರು, ಸೀಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು.