ನೇರಪ್ರಸಾರದಲ್ಲಿ ಯೋಗಕ್ಷೇಮ

ಕೆಲವರು ದೇವರ ಜೊತೆ ಮಾತಾಡುತ್ತಾರೆ, ಕೆಲವರು ಎಮ್ಮೆಯ ಜೊತೆ ಮಾತಾಡುತ್ತಾರೆ. ಅವರನ್ನು ನೋಡಿ ಯಾರೂ ನಗುವುದಿಲ್ಲ. ನಾನು ಟಿವಿಯ ಜೊತೆ ಮಾತಾಡುತ್ತೇನೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಹೇಳೋಣವೆಂದರೆ ಮನೆಯಲ್ಲಿ ಟಿವಿ ಬಿಟ್ಟರೆ ಬೇರೆ ಯಾರೂ ಇಲ್ಲ. ಸಂಜೆ ಏಳಕ್ಕೆ ಒಂದು ಹರಟೆ ಕಾರ್ಯಕ್ರಮ ಬರುತ್ತದೆ. ನಿರೂಪಕಿ ಕೈಮುಗಿದು, ನನ್ನ ಕಣ್ಣಲ್ಲಿ ಕಣ್ಣಿಟ್ಟು, "ನಮಸ್ಕಾರ, ಹೇಗಿದ್ದೀರಾ?" ಎನ್ನುತ್ತಾರೆ. ಅಷ್ಟು ಅಕ್ಕರೆಯಿಂದ ಕೇಳಿದ ಮೇಲೆ ಬಾಯಿಗೆ ಬೀಗ ಹಾಕಿಕೊಂಡು ಕೂರುವುದು ಹೇಗೆ? "ಆರಾಮ ಇದ್ದೀನ್ರಿ. ನೀವು ಆರಾಮ?" ಎನ್ನುತ್ತೇನೆ. ಅವರು ನನ್ನ ಪ್ರಶ್ನೆಗೆ ಉತ್ತರ ಕೊಡದೆ ಆ ದಿನದ ವಿಷಯಕ್ಕೆ ಹೋಗಿಬಿಡುತ್ತಾರೆ. ಪಾಪ, ಕೆಲಸದ ಗಡಿಬಿಡಿ ಎಂದು ನಾನೇ ಸಮಾಧಾನ ಮಾಡಿಕೊಳ್ಳುತ್ತೇನೆ.

ನಿಜ ಹೇಳಬೇಕೆಂದರೆ ಈ ಚಟ ನನ್ನದಲ್ಲ, ನನ್ನ ಹೆಂಡತಿ ಶಾಂತಾಳದು. ರೊಟ್ಟಿ ಬಡಿಯುತ್ತಲೇ ಅಡುಗೆಮನೆಯಿಂದ ನಿರೂಪಕಿಗೆ ಉತ್ತರ ಕೊಡುತ್ತಿದ್ದಳು. "ಅಕಿಗೆ ನಿನ್ನ ಮಾತು ಕೇಳಸ್ತೈತೇನು?" ಎಂದು ನಾನು ಚೇಷ್ಟೆ ಮಾಡಿದರೆ, "ಕೇಳಿದವ್ರಿಗೆ ಹೇಳಬೇಕ್ರಿ, ಕೇಳಸೋದು ಬಿಡೋದು ಅವ್ರಿಗೆ ಬಿಟ್ಟಿದ್ದು" ಎನ್ನುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ಒಂದು ಸಂಜೆ ನಿರೂಪಕಿ ಎಂದಿನಂತೆ ಕೇಳಿದರು, ಅಡುಗೆಮನೆಯಿಂದ ಉತ್ತರ ಬರಲಿಲ್ಲ. ಆ ಮೌನ ತಡೆಯಲಾರದೆ ನಾನೇ ಉತ್ತರಿಸಿದೆ. ಅಂದಿನಿಂದ ಈ ಹುದ್ದೆ ನನಗೆ ಕಾಯಂ ಆಯಿತು.

ನಮ್ಮ ಕಡೆ "ಆರಾಮ?" ಎಂಬುದು ಒಂದೇ ಮಾತಿನಲ್ಲಿ ಮುಗಿಯುವ ವ್ಯವಹಾರವಲ್ಲ. ತಿರುಗಿ ಕೇಳಬೇಕು. ಆಮೇಲೆ ಮನೆಯವರು, ಮಕ್ಕಳು, ಬೀಗರು, ಎತ್ತು, ಕಾಲುವೆಯ ನೀರು, ಎಲ್ಲದರ ಆರಾಮವೂ ಆಗಬೇಕು. ತಿರುಗಿ ಕೇಳದವನಿಗೆ ಸೊಕ್ಕು ಬಂದಿದೆ ಎಂದೇ ಲೆಕ್ಕ. ಆದರೆ ನಾನಿರುವ ನಾರಾಯಣಪುರದ ನೀರಾವರಿ ಕ್ವಾರ್ಟರ್ಸ್‌ನಲ್ಲಿ ಕೇಳುವವರು ಕಡಿಮೆಯಾಗಿದ್ದಾರೆ. ಅಕ್ಕಪಕ್ಕದವರು ವರ್ಗವಾಗಿ ಹೋದರು, ನನ್ನ ಸಾಲಿನಲ್ಲಿ ಈಗ ದೀಪ ಹತ್ತುವುದು ನನ್ನ ಮನೆಯಲ್ಲಿ ಮಾತ್ರ. ಕಚೇರಿಯಲ್ಲಿ ನಾನು ಗುಮಾಸ್ತ. ಅಲ್ಲಿ ಎಲ್ಲರೂ ನನ್ನನ್ನು ಫೈಲು ಕೇಳುತ್ತಾರೆ.

ಹೀಗಿರುವಾಗ ಅದೇ ಕಾರ್ಯಕ್ರಮ ಶಹಾಪುರದ ಕಲ್ಯಾಣ ಮಂಟಪದಿಂದ ನೇರ ಪ್ರಸಾರವಾಗುತ್ತದೆ ಎಂಬ ಸುದ್ದಿ ಬಂತು. ನನಗೆ ಒಂದೇ ಆಸೆ. ಎದುರಿಗೇ ಕುಳಿತು, ಅವರು "ಹೇಗಿದ್ದೀರಾ" ಎಂದಾಗ ಉತ್ತರ ಕೊಟ್ಟು, ತಿರುಗಿ ಕೇಳಿ, ಅವರ ಬಾಯಿಂದ ಒಂದೇ ಒಂದು ಸಲ "ನಾನೂ ಆರಾಮ" ಎನ್ನುವುದನ್ನು ಕೇಳಬೇಕು. ರಜೆ ಹಾಕಿದೆ. ಇಸ್ತ್ರಿ ಮಾಡಿಸಿದ ಅಂಗಿ ಮುದುಡೀತೆಂದು ಬಸ್ಸಿನಲ್ಲಿ ಬೆನ್ನು ಸೀಟಿಗೆ ತಾಗಿಸಲಿಲ್ಲ. ಸುರಪುರದಲ್ಲಿ ಬಸ್ಸು ಬದಲಿಸುವಾಗ ಚಹಾದಂಗಡಿಯವನಿಗೆ, ಅವನು ಕೇಳದಿದ್ದರೂ, "ಇವತ್ತ ಏಳಕ್ಕ ಟಿವಿ ಹಚ್ಚು, ನಾ ಬರ್ತೀನಿ" ಎಂದೆ. "ನಮ್ಮ ಟಿವಿ ಕೆಟ್ಟೈತ್ರಿ" ಎಂದು ಅವನು ಮುಂದಿನ ಗಿರಾಕಿಗೆ ಚಹಾ ಸೋಸತೊಡಗಿದ.

ಮಂಟಪದಲ್ಲಿ ಎರಡನೇ ಸಾಲಿನಲ್ಲಿ ಜಾಗ ಸಿಕ್ಕಿತು. ಪಕ್ಕದಲ್ಲಿ ಧೋತರ, ರುಮಾಲಿನ ಹಿರಿಯರೊಬ್ಬರು. ಬೋನಾಳ ಎಂಬ ಹಳ್ಳಿಯವರಂತೆ; ಹತ್ತಿ ಮಾರಲು ಬಂದವರು ಜನ ಸೇರಿದ್ದನ್ನು ಕಂಡು ಯಾರದೋ ಮದುವೆ ಎಂದುಕೊಂಡು ಒಳಗೆ ಬಂದಿದ್ದರು. "ಮದುಮಗ ಎಲ್ಲ್ಯದಾನ್ರಿ?" ಎಂದು ನನ್ನನ್ನೇ ಕೇಳಿದರು. ನಾನು ವಿವರಿಸಿದೆ. "ಊಟ ಇಲ್ಲೇನು ಹಂಗಾರ?" ಎಂದರು. ಆದರೂ ಏಳಲಿಲ್ಲ, ಕುರ್ಚಿ ಮೆತ್ತಗಿತ್ತು.

ಕಿವಿಗೆ ಯಂತ್ರ ಸಿಕ್ಕಿಸಿಕೊಂಡ ಬೆಂಗಳೂರಿನವರೊಬ್ಬರು ಬಂದು ನಮಗೆ ತಾಲೀಮು ಕೊಟ್ಟರು. "ಮೇಡಂ 'ಹೇಗಿದ್ದೀರಾ ಶಹಾಪುರ?' ಅಂತಾರೆ. ನೀವೆಲ್ಲ ಜೋರಾಗಿ 'ಸೂಪರ್' ಅನ್ನಿ. ಎಲ್ಲಿ, ಹೇಗಿದ್ದೀರಾ?" ಇಡೀ ಸಭೆ ಒಕ್ಕೊರಲಿನಿಂದ, "ಆರಾಮ ಅದೀವ್ರಿ, ನೀವು ಆರಾಮ?" ಎಂದಿತು. ಅವರು ತಲೆ ಹಿಡಿದುಕೊಂಡರು. "ನನ್ನನ್ನು ಕೇಳಬೇಡಿ! ತಿರುಗಿ ಕೇಳಲೇಬಾರದು!" ಹಿಂದಿನಿಂದ ಒಬ್ಬ ಹೆಂಗಸು, "ಯವ್ವಾ, ಹಂಗ ಹ್ಯಾಂಗ ಬಿಡಾಕ ಬರ್ತೈತ್ರಿ?" ಎಂದಳು. ಮತ್ತೆ ಮತ್ತೆ ತಾಲೀಮು ಮಾಡಿಸಿ, ಅಂತೂ ನಮ್ಮ ಬಾಯಿಂದ ತಿರುಗಿ ಕೇಳುವುದನ್ನು ಬಿಡಿಸಿದರು.

ಏಳು ಹೊಡೆಯಿತು. ದೀಪಗಳು ಝಗ್ಗೆಂದವು. ನಿರೂಪಕಿ ಬಂದು ಕೈಮುಗಿದು, "ಹೇಗಿದ್ದೀರಾ ಶಹಾಪುರ?" ಎಂದರು. ಸಭೆ "ಸೂಪರ್" ಎಂದು ಗರ್ಜಿಸಿತು. ಆ ಸದ್ದು ಇಳಿದು, ಸೂಜಿ ಬಿದ್ದರೂ ಕೇಳಿಸುವಂಥ ಹೊತ್ತಿಗೆ ಸರಿಯಾಗಿ, ನನ್ನ ಬಾಯಿಂದ ರೂಢಿಯಂತೆ ಹೊರಬಿತ್ತು: "ಆರಾಮ ಇದ್ದೀನ್ರಿ. ನೀವು ಆರಾಮ?"

ಜನ ಗೊಳ್ಳೆಂದರು. ನಿರೂಪಕಿ ಮಾತ್ರ ಇತ್ತ ತಿರುಗಲಿಲ್ಲ. ಆಗಲೇ ನನಗೆ ಹೊಳೆದದ್ದು: ಅವರ ಕಣ್ಣು ನಮ್ಮ ತಲೆಗಳ ಮೇಲಿನಿಂದ ಹಾದು ಹಿಂದಿದ್ದ ಕ್ಯಾಮೆರಾದ ಮೇಲಿತ್ತು. ಅವರು ಕೇಳಿದ್ದು ಕ್ಯಾಮೆರಾವನ್ನು. ನಾರಾಯಣಪುರದ ನನ್ನ ಮನೆಯಲ್ಲಿ ಕುಳಿತಿದ್ದರೆ ಅವರು ನನ್ನನ್ನೇ ನೋಡುತ್ತಿದ್ದರು; ಕೈಯಳತೆಯಲ್ಲಿ ಬಂದು ಕುಳಿತದ್ದಕ್ಕೆ ಆ ಭಾಗ್ಯವೂ ಹೋಯಿತು. ಕಿವಿ ಬಿಸಿಯಾಯಿತು. ಶಾಂತಾ ಇದ್ದಿದ್ದರೆ ಎಷ್ಟು ನಗುತ್ತಿದ್ದಳೋ ಎನಿಸಿತು.

ಅಂದಿನ ವಿಷಯ, ನಾವು ಪರಸ್ಪರ ಮಾತು ಮರೆತಿದ್ದೇವೆಯೇ ಎಂಬುದು. ಅತಿಥಿಯೊಬ್ಬರು ಗಂಭೀರವಾಗಿ ಮಾತಾಡುತ್ತಿದ್ದರು. ಪಕ್ಕದ ಹಿರಿಯರು ನನ್ನ ಮೊಣಕೈ ತಟ್ಟಿ ಏನೋ ಅಂದರು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮತ್ತೆ ತಟ್ಟಿದರು. ಅವರನ್ನು ಸುಮ್ಮನಾಗಿಸಿ, ನಿರೂಪಕಿ ಒಮ್ಮೆಯಾದರೂ ಇತ್ತ ನೋಡಿಯಾರೆಂದು ಕತ್ತು ಚಾಚಿಯೇ ಕುಳಿತೆ. ಕಾರ್ಯಕ್ರಮ ಮುಗಿದೊಡನೆ ವೇದಿಕೆಯ ಬಳಿ ಓಡಿದೆ. ಅವರು ಇನ್ನೊಂದು ಬಾಗಿಲಿನಿಂದ ಹೊರಟುಹೋಗಿದ್ದರು. ಜನಸಂದಣಿಯ ಆಚೆಯಿಂದ ಹಿರಿಯರು ಕೈ ಎತ್ತಿ, "ಬರ್ತೀನ್ರಿ ಸಾಹೇಬ್ರ" ಎಂದರು. ನಾನು ತಲೆಯಾಡಿಸಿದೆನೋ ಇಲ್ಲವೋ ನೆನಪಿಲ್ಲ.

ಮರುದಿನ ಮಧ್ಯಾಹ್ನ ಅದರ ಮರುಪ್ರಸಾರವಿತ್ತು. ಮಾನ ಹೋಗಿದ್ದರೂ ಮುಖ ಬಂದಿದೆಯೇ ಎಂಬ ಕುತೂಹಲ ಹೋಗಿರಲಿಲ್ಲ. ಊಟದ ಬಿಡುವಿನಲ್ಲಿ ಮನೆಗೆ ಬಂದು ತಟ್ಟೆ ಹಿಡಿದು ಕುಳಿತೆ. ಹೇಗಿದ್ದೀರಾ, ಸೂಪರ್, ಆಮೇಲೆ ನನ್ನ ದನಿ, ಗೊಳ್ಳೆಂಬ ನಗು, ಎಲ್ಲ ಬಂತು. ಮುಖ ಬರಲಿಲ್ಲ. ಆಮೇಲೆ ಅತಿಥಿ, "ಪಕ್ಕದಲ್ಲಿರುವವರನ್ನು ಒಮ್ಮೆ ಮಾತಾಡಿಸಿ ನೋಡಿ" ಎಂದಾಗ ತೆರೆಯ ತುಂಬ ನಾನೇ! ಪಕ್ಕದಲ್ಲಿ ಬೋನಾಳದ ಹಿರಿಯರು. ಅವರು ಪೂರ್ತಿ ನನ್ನತ್ತ ತಿರುಗಿ ಕುಳಿತಿದ್ದಾರೆ. ಅತಿಥಿಯ ಮಾತಿನ ನಡುವೆ, ಸಭೆಯ ಮೇಲೆ ತೂಗುಬಿಟ್ಟಿದ್ದ ಮೈಕಿಗೆ ಸಿಕ್ಕ ಅವರ ದನಿ ಸಣ್ಣಗೆ, ಆದರೆ ಸ್ಪಷ್ಟವಾಗಿ ಕೇಳಿಸಿತು. "ನಾವೂ ಆರಾಮ್ರಿ ಸಾಹೇಬ್ರ. ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ರಿ?"

ನಾನು ಆ ಸಭೆಯಲ್ಲಿ ಕೇಳಿದ ಪ್ರಶ್ನೆಯನ್ನು ಪುಣ್ಯಾತ್ಮರು ತಮಗೇ ಕೇಳಿದ್ದೆಂದು ತಿಳಿದು ಉತ್ತರ ಕೊಟ್ಟಿದ್ದರು. ರೂಢಿಯಂತೆ ತಿರುಗಿಯೂ ಕೇಳಿದ್ದರು. ತೆರೆಯ ಮೇಲಿನ ನಾನು, ಇಸ್ತ್ರಿ ಅಂಗಿಯ ಆಸಾಮಿ, ಅವರತ್ತ ನೋಡದೆಯೇ ತುಟಿಯ ಮೇಲೆ ಬೆರಳಿಟ್ಟು "ಶ್!" ಎಂದೆ.

ತಟ್ಟೆ ಕೆಳಗಿಟ್ಟು, ಟಿವಿಯ ಹತ್ತಿರ ಸರಿದು, ಹಿರಿಯರ ಮುಖ ನೋಡುತ್ತ ಹೇಳಿದೆ. "ಮನ್ಯಾಗ ಯಾರೂ ಇಲ್ರೀ ಯಜಮಾನ್ರ. ನಾ ಒಬ್ಬನ ಇದ್ದೀನಿ. ಅಷ್ಟೇನೂ ಆರಾಮ ಇಲ್ರಿ. ನಿಮ್ಮ ಮನ್ಯಾಗ ಎಲ್ಲಾರೂ..."

ಅಷ್ಟರಲ್ಲಿ ಜಾಹೀರಾತು ಬಂತು.