ಯುರೇನಿಯಂ ಗಣಿಗೆ ಹೊರಟ ಕಿಟ್ಟ

ದೂರದೇಶಕ್ಕೆ ಹೊರಟವರು ನೆರೆಮನೆಗಳಲ್ಲೆಲ್ಲ ಉಂಡೇ ಹೋಗಬೇಕೆಂಬುದು ನಾವುಂದ ಎಂಬ ಊರಿನ ಆ ಕೇರಿಯ ಕಟ್ಟಳೆ. ಕಿಟ್ಟನ ಗ್ರಹಚಾರ ಕೆಟ್ಟದ್ದು ಅಲ್ಲೇ.

ಮುಂಬಯಿಯ ಹೋಟೆಲು ಬಾಗಿಲು ಹಾಕಿದ ಮೇಲೆ ಕಿಟ್ಟ ಮನೆಯಲ್ಲೇ ನೊಣ ಹೊಡೆಯುತ್ತಿದ್ದ. ಅಷ್ಟರಲ್ಲಿ ಆಫ್ರಿಕಾದಲ್ಲಿ ನಿಂತುಹೋಗಿದ್ದ ಯುರೇನಿಯಂ ಗಣಿಯನ್ನು ಮತ್ತೆ ಶುರುಮಾಡಲು ಹೊರಟ ಕಂಪನಿಯೊಂದಕ್ಕೆ ಕ್ಯಾಂಟೀನಿನ ಅಡುಗೆಯವರು ಬೇಕಾದರು. ಕಿಟ್ಟನೂ ಹೆಸರು ಕೊಟ್ಟ. ಆ ದಿನ ಮಧ್ಯಾಹ್ನ ಕುಂದಾಪುರದ ಲಾಡ್ಜಿನಲ್ಲಿ ಸಂದರ್ಶನ, ರಕ್ತಪರೀಕ್ಷೆ. ಸ್ವಂತ ಕೈಯಡುಗೆಯನ್ನೂ ತರಬೇಕು. ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆ ಬಿಟ್ಟು ಏಳದ ಕಿಟ್ಟನಿಗೆ ಒಲೆ ಹಚ್ಚಲೂ ಬಾರದು. ಹೆಂಡತಿ ಉಮಾವತಿಯೇ ನಸುಕಿಗೆದ್ದು ಒಣ ಮಸಾಲೆಯ ಕೋಳಿ ಸುಕ್ಕ ಮಾಡಿ ಡಬ್ಬಿಗೆ ತುಂಬಿದಳು. ಈ ಕೆಲಸವೂ ತಪ್ಪಿದರೆ ಮಾವನ ಮನೆಯವರಿಗೆ ಮುಖ ತೋರಿಸುವಂತಿಲ್ಲವೆಂದು ಕಿಟ್ಟನಿಗೆ ನಿಜಕ್ಕೂ ಹೆದರಿಕೆ.

ಅಂಗಳ ಇಳಿಯುತ್ತಲೇ ಪಕ್ಕದ ಮನೆಯ ವನಜಕ್ಕ ಅಡ್ಡ ನಿಂತಳು. "ಹ್ವಾಯ್ ಕಿಟ್ಟಣ್ಣ, ಹಂಗೇ ಹೋಪ್ದಾ? ಅಲ್ಲ್ ಎಂತ ಸಿಕ್ಕತ್ತೋ ಏನೋ. ಉಂಡ್ಕಂಡ್ ಹೋಯ್ನಿ."

"ಕೆಲ್ಸ ಇನ್ನೂ ಸಿಕ್ಲಿಲ್ಲೆ ವನಜಕ್ಕ" ಎಂದರೆ ಕೇಳುವವರಾರು? ಮೊದಲು ಅಲ್ಲಿ ಕಡುಬು ತಿಂದದ್ದಕ್ಕೆ ಎದುರುಮನೆಯ ಭೋಜರಾಜಣ್ಣನಿಗೆ ಸಿಟ್ಟು. ಅವರು ಕೋಳಿ ರೊಟ್ಟಿ ಬಡಿಸುತ್ತಾ, "ಯುರೇನಿಯಂ ಹತ್ರ ಇಟ್ರೆ ಅನ್ನ ತನ್ನಷ್ಟಕ್ಕೇ ಬೇಯತ್ತಂಬ್ರ್. ನಿಂಗೆ ಅಲ್ಲ್ ಎಂತ ಕೆಲ್ಸ ಮಾರಾಯ?" ಎಂದರು. ಚಂದಯ್ಯ ಮಾಸ್ತರರ ಮನೆಯಲ್ಲಿ ಹಾಲುಬಾಯಿ ಎಂಬ ಬೆಲ್ಲದ ಸಿಹಿ. ಗಣಿಯ ವಿಷ ತಾಗದಿರಲೆಂದು ಮೇಲಿಂದ ಲೋಟಗಟ್ಟಲೆ ಪಾಯಸ. ಕೊನೆಗೆ ಕಿಟ್ಟನಿಗೆ ಬಗ್ಗಿ ಡಬ್ಬಿ ಎತ್ತಲೂ ಆಗಲಿಲ್ಲ. ಅದನ್ನು ಹಿಡಿದುಕೊಂಡು ಉಮಾವತಿಯೇ ಬಸ್ಸು ಹತ್ತಿದಳು.

ಲಾಡ್ಜಿನಲ್ಲಿ ಡಾಕ್ಟರು ಕಿಟ್ಟನ ಬೆರಳು ಚುಚ್ಚಿ, ರಕ್ತದ ಸಕ್ಕರೆ ಅಳೆಯುವ ಮಿಷನ್ನನ್ನು ಕುಟ್ಟಿ ಕುಟ್ಟಿ ನೋಡಿದರು. "ಸಕ್ಕರೆ ಅಂಗಡಿ ನುಂಗಿ ಬಂದಿದ್ದೀರಾ?"

"ನಮ್ಮ ಗಣಿ ಈಗಷ್ಟೇ ಎದ್ದು ಕೂರುತ್ತಿದೆ," ಎಂದ ಕಂಪನಿಯ ಆಫೀಸರು ಮಿಥುನ್. "ಅಡುಗೆಯವರೇ ಮಲಗಿದರೆ ಹೇಗೆ?" ಆದರೂ ಡಬ್ಬಿ ತೆರೆದು ಒಂದು ತುಂಡು ಬಾಯಿಗಿಟ್ಟ. ಅವನ ಕಣ್ಣು ಅರಳಿತು. "ಮಸಾಲೆ ಹುರಿದದ್ದು ಹೇಗೆ?"

"ಬೆಂಕಿ ಮೇಲೆ," ಎಂದು ಕಿಟ್ಟ ತೇಗಿದ.

ಉಮಾವತಿಗೆ ತಡೆಯಲಾಗಲಿಲ್ಲ. "ಮೆಣ್ಸ್ ಬೇರೆ, ಕೊತ್ತಂಬ್ರಿ ಬೇರೆ ಹುರೀಕ್. ಒಟ್ಟಿಗೆ ಹಾಕ್ರೆ ಕರ್ಕಲ್ ಆತ್ತ್."

ಮಿಥುನ್ ಡಾಕ್ಟರ ಕಡೆ ನೋಡಿದ. ಡಾಕ್ಟರು ಅವಳ ಬೆರಳು ಚುಚ್ಚಿದರು. ರಕ್ತ ಅಚ್ಚುಕಟ್ಟಾಗಿತ್ತು. ಬೆಳಿಗ್ಗೆಯಿಂದ ಅವಳನ್ನು ಯಾರೂ ಊಟಕ್ಕೆ ಕರೆದಿರಲಿಲ್ಲವಲ್ಲ.

ಕೆಲಸ ಉಮಾವತಿಗೆ ಸಿಕ್ಕಿತು. ಸಂಜೆ ಇಡೀ ಕೇರಿ ಅವಳನ್ನು ಊಟಕ್ಕೆ ಎಳೆದಾಡಿತು. ಅಷ್ಟೊತ್ತಿಗೆ ಕಿಟ್ಟನಿಗೂ ಹಸಿವಾಗಿ ಮೆಲ್ಲಗೆ ಹೆಂಡತಿಯ ಹಿಂದೆ ನಡೆದ. ವನಜಕ್ಕ ಹೊಸ್ತಿಲಲ್ಲೇ ತಡೆದಳು.

"ನೀವ್ ಎಲ್ಲಿಗ್ ಹೋಪ್ದ್ ಕಿಟ್ಟಣ್ಣ?"

"ನಾನ್ ಎಲ್ಲಿಗೂ ಇಲ್ಲೆ."

"ಹಂಗಾರೆ ನಿಮ್ಮ್ ಮನಿಯಲ್ಲೇ ಉಣ್ಣಿ."

ಮನೆಯಲ್ಲಿ ಒಲೆ ತಣ್ಣಗಿತ್ತು. ಬೆಂಕಿಪೆಟ್ಟಿಗೆ ಎಲ್ಲಿದೆಯೆಂದು ಕೇಳೋಣವೆಂದರೆ, ಉಮಾವತಿ ಆಗಲೇ ಭೋಜರಾಜಣ್ಣನ ಮನೆಯ ರೊಟ್ಟಿಗೆ ಕೂತಾಗಿತ್ತು.